ಒಬ್ಬಟ್ಟಿಗೆ ಮುಂಚೆ ಹೇಳಬೇಕಾಗಿದ್ದ ಮಾತು

ಇಂಗ್ಲಿಷಿನವರು ‘ಸ್ವೀಟನ್’ ಎಂಬ ಒಂದೇ ಕ್ರಿಯಾಪದದಿಂದ ಎಷ್ಟು ಕೆಲಸ ತೆಗೆಯುತ್ತಾರೆಂದರೆ, ಆ ಪದಕ್ಕೆ ಓವರ್‌ಟೈಮ್ ಕೊಡಬೇಕು. ಕಾಫಿಗೆ ಸಕ್ಕರೆ ಹಾಕುವುದು ಸ್ವೀಟನ್. ಕುದುರದ ವ್ಯಾಪಾರಕ್ಕೆ ಮೇಲೊಂದಿಷ್ಟು ಸೇರಿಸಿ ಒಪ್ಪಿಸುವುದು ಸ್ವೀಟನ್. ಮುಖ ಗಂಟು ಹಾಕಿಕೊಂಡವರನ್ನು ಸಮಾಧಾನ ಮಾಡುವುದೂ ಅದೇ. ನಾನು ಪಿಲ್ಲಗುಂಪೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಅನ್ನ ತಿನ್ನುತ್ತಿರುವುದೂ ಈ ಪದದಿಂದಲೇ. ಯಾರಿಗಾದರೂ ‘ಇಲ್ಲ’ ಎಂದು ಪತ್ರ ಬರೆಯಬೇಕಾದಾಗ ನಮ್ಮ ಮ್ಯಾನೇಜರು ಕರಡಿನ ಮೂಲೆಯಲ್ಲಿ ‘ಸ್ವೀಟನ್’ ಎಂದು ಗೀಚಿ ನನ್ನ ಮೇಜಿಗೆ ಕಳಿಸುತ್ತಾರೆ. ಮೊದಲ ಪ್ಯಾರಾದಲ್ಲಿ ಹೊಗಳಿಕೆ, ಎರಡನೆಯದರಲ್ಲಿ ಕೃತಜ್ಞತೆ, ಮೂರನೆಯದು ‘ಆದರೆ’ ಎಂದು ಶುರುವಾಗುತ್ತದೆ. ಒಮ್ಮೆ ನಮ್ಮ ಫಿಟ್ಟರ್ ಒಬ್ಬರಿಗೆ ರಜೆ ಕೊಡಲಾಗುವುದಿಲ್ಲವೆಂದು ಬರೆದಿದ್ದೆ. ಅವರು ಎರಡು ಪ್ಯಾರಾ ಓದಿ, ನನಗೆ ಕೈಮುಗಿದು, ರಜೆಗೆ ಹೋದರು. ನಾನು ಅದರಿಂದ ಪಾಠ ಕಲಿಯಬೇಕಾಗಿತ್ತು. ಕಲಿಯಲಿಲ್ಲ.

ಅಕ್ಕನ ಮಗಳು ಸಿಂಧು ಸೋಂಪುರದ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸಮೇತನಹಳ್ಳಿಯಿಂದ ಅವಳಿಗೊಂದು ಸಂಬಂಧ ಬಂತು. ಒಳ್ಳೆಯ ಜನ, ತೋಟ ಇದೆ, ಹುಡುಗನಿಗೂ ಕೆಲಸ ಇದೆ. ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕು ಎನ್ನುವುದೊಂದೇ ಅವರ ಷರತ್ತು. ಕೆಲಸ ಬಿಡುವ ಮದುವೆ ನನಗೆ ಬೇಡ ಎಂದು ಸಿಂಧು ಕಡ್ಡಿ ಮುರಿದ ಹಾಗೆ ಹೇಳಿದಳು. ಆ ಕಡ್ಡಿಯನ್ನು ಸಮೇತನಹಳ್ಳಿಗೆ ಮುಟ್ಟಿಸುವ ಕೆಲಸ ಸೋದರಮಾವನಾದ ನನ್ನ ತಲೆಗೆ ಬಂತು. ಫೋನಿನಲ್ಲಿ ಬೇಡ ಅನ್ನುವುದು ಮರ್ಯಾದೆಯಲ್ಲ ಎನ್ನುವುದು ಅಕ್ಕನ ವಾದ. ಮಾತು ನಯವಾಗಿ ಆಡುವುದರಲ್ಲಿ ನಮ್ಮ ಮನೆತನದಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದೂ ಅವಳೇ ಹೇಳಿದಳು. ಈ ಹೊಗಳಿಕೆಯೂ ಮೊದಲನೇ ಪ್ಯಾರಾ ಎಂದು ನನಗೆ ಹೊಳೆಯಲಿಲ್ಲ.

ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದು, “ಕಾಫಿ ಕುಡಿ, ಹೇಳು, ಎದ್ ಬಾ. ಎಲೆ ಮುಂದೆ ಮಾತ್ರ ಕೂತ್ಕೋಬೇಡ ಕಣೋ” ಎಂದಳು. ನಮ್ಮ ಕಡೆ ಸಂಬಂಧ ಕುದುರುವ ತನಕ ಆ ಮನೆಯಲ್ಲಿ ಊಟ ಮಾಡುವುದಿಲ್ಲ. ಕಾಫಿ ಆಗಬಹುದು, ಉಪ್ಪಿಟ್ಟೂ ಆಗಬಹುದು. ಎಲೆಗೆ ಸಿಹಿ ಬಡಿಸಿಕೊಂಡು ತಿಂದರೆ ಒಪ್ಪಿದ ಹಾಗೆ. ಇಂಗ್ಲಿಷಿನವರು ಮಾತು ನೋಯದಿರಲಿ ಎಂದು ಸಿಹಿ ಬೆರೆಸುತ್ತಾರೆ, ನಾವು ಮಾತು ಮುರಿಯದಿರಲಿ ಎಂದು ಬಾಯಿ ಸಿಹಿ ಮಾಡುತ್ತೇವೆ. ಇವೆರಡೂ ಬೇರೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೋದೆ.

ಹುಡುಗನ ತಾಯಿ ಜಯಮ್ಮನವರು ಚಾಪೆ ಹಾಸಿ ಕೂರಿಸಿದರು. ನಾನು ಮೊದಲ ಪ್ಯಾರಾ ಶುರು ಮಾಡಿದೆ. ನಿಮ್ಮಂಥ ಮನೆ ಸಿಗಲು ಪುಣ್ಯ ಮಾಡಿರಬೇಕು ಎಂದೆ. ಹುಡುಗನ ವಿನಯವನ್ನೂ, ಬಾವಿಯ ನೀರಿನ ರುಚಿಯನ್ನೂ, ಕೊಟ್ಟಿಗೆಯಲ್ಲಿದ್ದ ಎಮ್ಮೆಯ ಮೈಕಟ್ಟನ್ನೂ ಹೊಗಳಿದೆ. ಎರಡನೇ ಪ್ಯಾರಾದಲ್ಲಿ ನಮ್ಮನ್ನು ನೆನೆಸಿಕೊಂಡದ್ದಕ್ಕೆ ನಾವು ಋಣಿ ಎಂದೆ. ‘ಆದರೆ’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಜಯಮ್ಮನವರು ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋಗಿ ಎಲೆ ತಂದು ಹಾಸಿದರು, ಎಲೆಯ ಮೇಲೆ ಬಿಸಿ ಒಬ್ಬಟ್ಟು ಬಿತ್ತು, ಹುಡುಗನ ತಂದೆ ತುಪ್ಪದ ಬಟ್ಟಲು ಹಿಡಿದು ನಿಂತರು. ಅಳುತ್ತಿರುವ ಹೆಂಗಸು ಬಡಿಸಿದ್ದನ್ನು ಬೇಡ ಎನ್ನುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ನಾನು ಹೊಸಕೋಟೆಯಲ್ಲಿ ಬಸ್ಸಿಳಿಯುವ ಹೊತ್ತಿಗೆ ಅಕ್ಕನಿಗೆ ಫೋನು ಬಂದಾಗಿತ್ತು. ಒಪ್ಪಿಗೆಯ ಹೂವೀಳ್ಯದ ಶಾಸ್ತ್ರ ಯಾವತ್ತು ಇಟ್ಟುಕೊಳ್ಳೋಣ, ಮುಂದಿನ ಭಾನುವಾರ ಬಂದರೆ ದಿನ ಗೊತ್ತು ಮಾಡಬಹುದು ಎಂದು ಕೇಳಿದ್ದರಂತೆ. ಅಕ್ಕ ನನ್ನನ್ನು ಬಯ್ಯಲಿಲ್ಲ. ಎಷ್ಟು ತಿಂದೆ ಎಂದಷ್ಟೇ ಕೇಳಿದಳು. ಎರಡು ಎಂದೆ. ಅವಳು ನನ್ನ ಅಂಗಿಯ ಮೇಲಿನ ತುಪ್ಪದ ಕಲೆ ನೋಡಿದಳು. ಮೂರು ಎಂದೆ.

ಭಾನುವಾರ ಸಿಂಧು ತಾನೇ ಹೇಳಿಬರುತ್ತೇನೆಂದು ತನ್ನ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೊರಟಳು. ದಾರಿಯಲ್ಲಿ, ಮೊದಲು ಅವರ ಎಮ್ಮೆ ಬಗ್ಗೆ ನಾಲ್ಕು ಮಾತಾಡು ಎಂದು ಸಲಹೆ ಕೊಟ್ಟೆ. ಅವಳು ಹೆಲ್ಮೆಟ್ಟಿನೊಳಗೆ ಏನೋ ಅಂದಳು, ಕೇಳಿಸಲಿಲ್ಲ. ನಾವು ತಲುಪುವ ಹೊತ್ತಿಗೆ ಆ ಮನೆಯ ಒಳಗಿನಿಂದ ಒಬ್ಬಟ್ಟು ಬೇಯುವ ವಾಸನೆ ಬರುತ್ತಿತ್ತು.

ಸಿಂಧು ಕಾಫಿ ಕುಡಿದು ಲೋಟ ಕೆಳಗಿಟ್ಟಳು. “ಆಂಟಿ, ನಂಗೆ ಈ ಮದುವೆ ಬೇಡ. ನಾನು ಕೆಲಸ ಬಿಡಲ್ಲ. ಬಿಡೋ ಹುಡುಗಿನೇ ಬೇಕು ಅನ್ನೋದು ನಿಮ್ಮಿಷ್ಟ, ಅದನ್ನ ತಪ್ಪು ಅನ್ನಲ್ಲ. ಅವತ್ತು ಮಾವ ಇದನ್ನೇ ಹೇಳೋಕೆ ಬಂದಿದ್ರು.”

ಇಷ್ಟೇ. ಕಾಫಿ ಕುಡಿದಷ್ಟು ಹೊತ್ತೂ ಆಗಲಿಲ್ಲ. ಜಯಮ್ಮನವರು ಅವಳ ಮೇಲೆ ಸಿಟ್ಟಾಗಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದರು.

“ಅವತ್ತೇ ಹೇಳಿದ್ರೆ ಆಗ್ತಿರ್ಲಿಲ್ವಾ ಸಾರ್? ನಾವು ಊರಿಗೆಲ್ಲಾ ಹೇಳ್ಕೊಂಡ್ಬಿಟ್ವಿ.”

ನನಗೆ ನಾಚಿಕೆಯಾಯಿತು. ಆ ತಾಯಿಗೆ ನೋವಾಗಬಾರದೆಂದು ಅಷ್ಟೆಲ್ಲ ಮಾತಾಡಿ, ಒಂದು ವಾರದ ಸಂತೋಷ ಕೊಟ್ಟು, ಅದನ್ನೇ ಕಿತ್ತುಕೊಂಡಿದ್ದೆ. ಒಂದು ವಾಕ್ಯದಲ್ಲಿ ಮುಗಿಯುತ್ತಿದ್ದ ನೋವನ್ನು ಊರಗಲ ಮಾಡಿದ್ದೆ.

ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಜಯಮ್ಮನವರು ಸಿಂಧುವಿಗೆ ಕುಂಕುಮ ಕೊಟ್ಟು, ಮಾಡಿದ್ದಾಗಿದೆ, ಇನ್ನು ಯಾರು ತಿನ್ನುತ್ತಾರೆ ಎಂದು ಒಬ್ಬಟ್ಟನ್ನು ಡಬ್ಬಿಗೆ ಹಾಕಿ ಕೊಟ್ಟರು. ನನ್ನ ಮುಖ ನೋಡಲಿಲ್ಲ.

ಊರು ದಾಟಿದ ಮೇಲೆ ಸಿಂಧು ಹುಣಸೆಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಡಬ್ಬಿ ತೆರೆದು ನನ್ನ ಮುಂದೆ ಹಿಡಿದಳು.

“ತಿನ್ನು ಮಾವ. ಈಗ ತಿಂದ್ರೆ ಏನೂ ಅರ್ಥ ಇಲ್ಲ.”

ತಿಂದೆ. ಹೇಗಿದೆ ಎಂದು ಕೇಳಿದಳು. ಬೆಲ್ಲ ಬಹಳ ಹೆಚ್ಚಾಗಿತ್ತು, ಗಂಟಲು ಕಟ್ಟುತ್ತಿತ್ತು. ಅದನ್ನು ಹೇಗೆ ಹೇಳುವುದೆಂದು ಸ್ವಲ್ಪ ಹೊತ್ತು ಯೋಚಿಸಿದೆ.

ಹೂರಣ ತುಂಬ ನುಣ್ಣಗೆ ರುಬ್ಬಿದ್ದಾರೆ ಎಂದೆ.