ಅಮೇರಿಕಾದ ನಾಟಕಕ್ಕೆ ನಮ್ಮ ಆಯೇರಿ

ನಾಟಕದ ವಿಷಯ ನನಗೆ ಬಹಳ ತಿಳಿಯುತ್ತದೆ ಎಂಬ ಭ್ರಮೆ ಮೊದಲಿನಿಂದಲೂ ಇದೆ. ಕಾಲುವೆ ಆಫೀಸಿನ ಗುಮಾಸ್ತನಿಗೆ ಅಷ್ಟಾದರೂ ಭ್ರಮೆ ಬೇಡವೇ? ಹಿಂದೆ ಕಾಲುವೆ ಅಗೆಯುವಾಗ ನಮ್ಮ ಎಂಜಿನಿಯರುಗಳು ಶಹಾಪುರದ ಕ್ಯಾಂಪಿನಲ್ಲಿ ಅಮೇರಿಕಾದ ಹಳೆಯ ನಾಟಕವೊಂದನ್ನು ಕನ್ನಡದಲ್ಲಿ ಆಡಿದ್ದರು. ಅದನ್ನೇ ಈಗ, ಕಾಲುವೆಗೆ ನೀರು ಬಂದು ಊರ ಸುತ್ತ ಭತ್ತ ಬೆಳೆಯತೊಡಗಿದ ಮೇಲೆ, ನನ್ನ ಹೆಂಡತಿಯ ತಮ್ಮ ಮಲ್ಲಣ್ಣ ಮಾಸ್ತರ ಮತ್ತೆ ಆಡಿಸಲು ಹೊರಟ. ಮುಖ್ಯ ಪಾತ್ರವೂ ಅವನದೇ: ಯಜಮಾನನನ್ನು ಎದುರು ಹಾಕಿಕೊಂಡು ಜೊತೆಗಾರರನ್ನೆಲ್ಲ ಕಳೆದುಕೊಂಡ ಕಾರ್ಖಾನೆಯ ಕೂಲಿ.

ನಮ್ಮ ಕಡೆ ನಾಟಕ ನಡೆದಿರುವಾಗಲೇ ಬಂಧುಬಳಗ ಸ್ಟೇಜು ಹತ್ತಿ, ನಟನಿಗೆ ಟವೆಲ್ ಹೊದಿಸಿ, ಕಾಯಿ ಕೊಟ್ಟು ಆಯೇರಿ ಮಾಡುವುದು ರೂಢಿ. ಸತ್ತುಬಿದ್ದ ರಾಜನೂ ಎದ್ದು ಟವೆಲ್ ಹೊದ್ದುಕೊಂಡು ಮತ್ತೆ ಸಾಯುತ್ತಾನೆ. ಮಲ್ಲಣ್ಣ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದ: "ಮಾಮಾ, ಇದು ಅಂಥಾ ನಾಟಕ ಅಲ್ಲರಿ. ಅಕ್ಕನ್ನ ಹಿಡಕೊಂಡು ಕುಂದರೋದು ನಿಮ್ಮ ಜವಾಬ್ದಾರಿ."

ಆಟದ ದಿನ ನಾನು ಇದನ್ನು ಹೇಳಿದಾಗ ಹೆಂಡತಿಯ ಕಣ್ಣು ತುಂಬಿತು. "ಅವನ ಹೆಂಡ್ತಿ ತವರಿನವರೆಲ್ಲ ಕಕ್ಕೇರಾದಿಂದ ಬಂದಾರ. ಒಡಹುಟ್ಟಿದಾಕಿ ಬರಿಗೈಲೆ ಬಂದಾಳ ಅಂತ ಆಡ್ಕೊಳ್ಳಂಗಿಲ್ಲೇನ್ರಿ?" ಎಂದಳು. ನನಗೂ ಪಾಪ ಅನ್ನಿಸಿತು. ಆದರೂ ಅವಳು ತಂದಿದ್ದ ಟವೆಲ್, ಕಾಯಿಯ ಚೀಲವನ್ನು ನನ್ನ ತೊಡೆಯ ಮೇಲೇ ಇಟ್ಟುಕೊಂಡು ಕುಳಿತೆ.

ಕೊನೆಯ ದೃಶ್ಯ ಬಂತು. ಮಲ್ಲಣ್ಣ ಹಳೇ ಕೋಟಿನಲ್ಲಿ ಒಬ್ಬನೇ ನಿಂತು, "ನನ್ನವರು ಅನ್ನುವವರು ಒಬ್ಬರಾದರೂ ಇದ್ದಾರೆಯೇ?" ಎಂದು ಕೇಳಿದ. ಇಲ್ಲಿ ಸಭೆ ಸ್ತಬ್ಧವಾಗಬೇಕೆಂದು ಅವನ ಲೆಕ್ಕ.

"ಯಾಕೋ ತಮ್ಮಾ, ನಾ ಸತ್ತೀನೇನು?" ಎನ್ನುತ್ತ ಹೆಂಡತಿ ಚೀಲದಿಂದ ಟವೆಲ್ ಕಿತ್ತುಕೊಂಡು ನಡೆದೇಬಿಟ್ಟಳು. ತಡೆಯಲು ನಾನೂ ಹಿಂದೆ ಓಡಿದೆ. ಅವಳು ಟವೆಲ್ ಹೊದಿಸಿದಳು. ತಾಲೀಮಿನಲ್ಲಿ ಒಂದು ದಿನವೂ ಅಳಲು ಬಾರದಿದ್ದ ಮಲ್ಲಣ್ಣ ಅಕ್ಕನ ಹೆಗಲಿಗೆ ತಲೆಯಿಟ್ಟು ಗಳಗಳನೆ ಅತ್ತ. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಜನರಿಗೆ, ಅವಳ ಹಿಂದೆ ಚೀಲ ಅವುಚಿಕೊಂಡು ನಿಂತಿದ್ದ ನಾನು ಕಂಡೆ. ಏನೂ ತೋಚದೆ ಕಾಯಿ ತೆಗೆದು ಅವನ ಕೈಗಿಟ್ಟೆ. ಸಭೆಗೆ ಸಭೆಯೇ ನಕ್ಕಿತು.

ಮರುದಿನ ಮಲ್ಲಣ್ಣ ಮನೆಗೆ ಬಂದ. ಬೈಸಿಕೊಳ್ಳಲು ಸಿದ್ಧನಾಗಿ ನಾನೇ ಚಹಾ ತಂದುಕೊಟ್ಟೆ. ಅವನು ನನ್ನತ್ತ ನೋಡದೆ, "ಅಕ್ಕಾ, ಬರೋ ವಾರ ಸುರಪುರದಾಗ ಆಟ ಐತಿ. ಅಲ್ಲೂ ಹಂಗ ಎದ್ದು ಬರಬೇಕು ನೋಡು" ಎಂದ.

ನಾನು ಉತ್ಸಾಹದಿಂದ ಚೀಲ ಹುಡುಕಲು ಎದ್ದೆ.

"ಮಾಮಾ, ನೀವು ಕುಂದರ್ರಿ," ಎಂದ ಮಲ್ಲಣ್ಣ. "ಇದು ಅಳೋ ನಾಟಕ ಐತ್ರಿ."