ಮೂಗಿನಿಂದ ಕಲಿತ ವಚನಗಳು

ನಮ್ಮ ಕಾಕಾ ಪರರ ವಿಷಯದಲ್ಲಿ ಮೂಗು ತೂರಿಸುವವರಲ್ಲ. ಆದರೆ ಹೋದ ವರ್ಷ ಅವರ ಮೂಗೇ ಬೈಲಹೊಂಗಲದ ನಮ್ಮ ಓಣಿಯಲ್ಲಿ ಕಾಕುನ ನಿದ್ದೆ, ನನ್ನ ನಿದ್ದೆ ಎರಡನ್ನೂ ಕೆಡಿಸಿತು ಎಂದರೆ ನಂಬುತ್ತೀರಾ? ನಂಬದಿದ್ದರೆ ಅಡ್ಡಿಯಿಲ್ಲ. ನಾವೂ ಆ ಮೂಗನ್ನು ನಂಬಿರಲಿಲ್ಲ!

ನಮ್ಮದು ತಲೆತಲಾಂತರದಿಂದ ಪೂಜೆ ಮಾಡುತ್ತ ಬಂದ ಅಯ್ಯನವರ ಮನೆತನ. ಕಾಕಾನ ಬಾಯಲ್ಲಿ ಮಾತ್ರ ಒಂದು ಮಂತ್ರವೂ ನಿಲ್ಲುತ್ತಿರಲಿಲ್ಲವಾದ್ದರಿಂದ ಅಜ್ಜ ಅವರನ್ನು ಗಣಿತ ಓದಲು ಹಚ್ಚಿದರಂತೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಇಂಥವರು ಅರವತ್ತೆಂಟನೆಯ ವಯಸ್ಸಿನಲ್ಲಿ ಹಿತ್ತಲಲ್ಲಿ ಕುಳಿತು, ಕಣ್ಣುಮುಚ್ಚಿ, ಸುಣ್ಣದ ಡಬ್ಬಿಯೊಂದನ್ನು ಮೂಸಿ, ತುಟಿ ಅಲುಗಿಸಿ, ಮತ್ತೊಂದು ಡಬ್ಬಿ ಮೂಸತೊಡಗಿದರೆ ನಾವೇನು ತಿಳಿಯಬೇಕು?

“ತಪಕೀರ! ಮೂಗಿಗೆ ಏರಿಸಾಕ ಹತ್ಯಾರ,” ಎಂದಳು ಕಾಕು. ಕಾಕಾ ಸ್ನಾನಕ್ಕೆ ಹೋದಾಗ ಅಂಗಿಯ ಕಿಸೆಯಿಂದ ಡಬ್ಬಿಗಳನ್ನು ಎತ್ತಿ ತಂದು ನನ್ನ ಮುಂದೆ ಹಿಡಿದಳು. ನಶ್ಯವಿದ್ದೀತೆಂದು ಸೀನಲು ತಯಾರಾಗಿಯೇ ಮೂಸಿದೆ. ಲವಂಗ! ಎರಡನೆಯದರಲ್ಲಿ ಕರ್ಪೂರ. ಮೂರನೆಯದರಲ್ಲಿ ನಿಂಬೆಯ ಸಿಪ್ಪೆ. ಕಾಕುನ ಮುಖ ಬಿಳಿಚಿತು.

“ತಪಕೀರ ಅಲ್ಲವ್ವಾ ಇದು, ಮಾಟ!”

ಗಣಿತದ ಸರ್ ಮಾಟ ಮಾಡುತ್ತಾರೆಯೇ? ಅವರ ವಿದ್ಯಾರ್ಥಿಗಳನ್ನು ಕೇಳಿದರೆ ಹೌದೆಂದಾರು.

ಕಾಕು ನೇರವಾಗಿಯೇ ಕೇಳಿಬಿಟ್ಟಳು. “ಏನ್ ನಡಿಸೀರಿ ಇದು?”

“ವಚನಾ ಬಾಯಿಪಾಠ ಮಾಡಾಕ ಹತ್ತೇನಿ. ಒಂದೊಂದು ವಚನಕ್ಕ ಒಂದೊಂದು ವಾಸನಿ. ಮೂಗಿಗೆ ವಾಸನಿ ಬಡೀತಂದ್ರ ವಚನ ತಾನ ನೆನಪಾಗತೈತಿ.”

ವಚನ! ಈ ವಯಸ್ಸಿಗಾದರೂ ಶರಣರ ಕಡೆ ಮನಸ್ಸು ಹೊರಳಿತಲ್ಲ ಎಂದು ಕಾಕು ಕಣ್ಣೊರೆಸಿಕೊಂಡು ಆ ದಿನ ಹೋಳಿಗೆ ಮಾಡಿದಳು. ಹೋಳಿಗೆ ಇನ್ನೂ ಅರಗಿರಲಿಲ್ಲ, ಹಾಸಿಗೆ ಝಾಡಿಸುವಾಗ ಕಾಕಾನ ದಿಂಬಿನ ಕೆಳಗಿನಿಂದ ಪುಸ್ತಕವೊಂದು ಬಿತ್ತು. ಬೈಬಲ್! ಅಂಚಿನಲ್ಲಿ ಕಾಕಾನ ಅಕ್ಷರ: ‘ಕುರುಬನ ವಚನ, ಲವಂಗ. ಬೆಟ್ಟದ ವಚನ, ಕರ್ಪೂರ.’

ಕಾಕು ನೆಲದ ಮೇಲೇ ಕುಳಿತುಬಿಟ್ಟಳು. “ಮತಾ ಬದಲಿ ಮಾಡಾಕ ಹೊಂಟಾರ! ಮಾಟ ಆಗಿದ್ರ ಚಲೋ ಇತ್ತಲ್ಲವ್ವಾ!”

ಕಾಕಾ ಪ್ರತಿ ಗುರುವಾರ ಗೆಳೆಯನನ್ನು ನೋಡಿ ಬರುತ್ತೇನೆಂದು ನೇಸರಗಿಗೆ ಹೋಗುತ್ತಿದ್ದರು. ಆ ಗುರುವಾರ ಅವರ ಹಿಂದಿನ ಬಸ್ಸಿನಲ್ಲಿ ನಾವಿಬ್ಬರೂ ಹೊರಟೆವು. ನೇಸರಗಿಯಲ್ಲಿ ಇಳಿದು ಚಹಾದಂಗಡಿಯವನಿಗೆ ಕಾಕಾನ ಚಹರೆ ಹೇಳಿದೆ.

“ಡಬ್ಬಿ ಸರ್ ಏನ್ರಿ? ಆ ನೀಲಿ ಬಾಗಲದ ಮನ್ಯಾಗ ಅದಾರ ನೋಡ್ರಿ.”

“ಹೊಸಾ ಹೆಸರೂ ಇಟ್ಟು ಮುಗಿಸ್ಯಾರ!” ಎಂದು ಕಾಕು ಹಲ್ಲು ಕಡಿದಳು.

ಕಿಟಕಿ ತೆರೆದಿತ್ತು. ಒಳಗೆ ಕುರ್ಚಿಯಲ್ಲಿ ಕುಳಿತಿದ್ದವರು ಕಾಕಾನ ಜೊತೆಗೇ ನೌಕರಿಗೆ ಸೇರಿ, ಅದೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಸರ್. ಕ್ರೈಸ್ತರು. ಅವರಿಗೆ ಆರಾಮಿಲ್ಲ ಎಂದಷ್ಟೇ ಕೇಳಿದ್ದೆವು. ಅವರು ಬೈಬಲಿನ ಆ ಕುರುಬನ ವಚನವನ್ನು ಶುರು ಮಾಡಿದರು. ನಡುವೆ ನಿಂತರು. ಮುಂದಿನ ಮಾತು ಬರಲೊಲ್ಲದು. ಮೊಳಕಾಲನ್ನು ಮುಷ್ಟಿಯಿಂದ ಗುದ್ದಿಕೊಳ್ಳುತ್ತ ಮಗುವಿನಂತೆ ತುಟಿ ನಡುಗಿಸಿದರು. ಕಾಕಾ ಲವಂಗದ ಡಬ್ಬಿಯನ್ನು ಅವರ ಮೂಗಿಗೆ ಹಿಡಿದು, ತಾವೂ ಒಮ್ಮೆ ಮೂಸಿ, ಮುಂದಿನ ಎರಡು ಶಬ್ದ ಹೇಳಿದರು. ಅಷ್ಟೇ! ವಚನದೊಳಗಿನ ಹುಲ್ಲುಗಾವಲು, ತಿಳಿನೀರು ಎಲ್ಲ ದಾಟಿ ಸರ್ ಕೊನೆಯವರೆಗೂ ಹೋದರು.

ನಮ್ಮನ್ನು ಕಂಡು ಅವರ ಹೆಂಡತಿ ಹೊರಗೆ ಬಂದರು. “ಮಕ್ಕಳ ಹೆಸರೂ ಮರತಾರ್ರೀ. ಓದಾಕ ಅಕ್ಷರ ಕೂಡೂದಿಲ್ಲ. ದಿನಾ ಮುಂಜಾನಿ ವಚನ ಅನ್ನಾಕ ಕುಂದರತಾರ, ನಡುವ ಮರತು ಅಳತಾರ. ನಿಮ್ಮ ಮನಿಯವರು ಇಷ್ಟಿಷ್ಟ ವಾಸನಿ ತಂದು ಒಂಬತ್ತು ವಚನಾ ಹೊಳ್ಳಿ ಕೊಟ್ಟಾರ್ರೀ.”

ಕಾಕು ಕಾಕಾನ ಕಡೆ ತಿರುಗಿದಳು. “ನನಗ ಒಂದು ಮಾತು ಹೇಳಿದ್ರ ಏನಾಗತಿತ್ತು?”

“ಊರ ತುಂಬ ಅವನ ವಿದ್ಯಾರ್ಥಿಗಳದಾರ. ಕನ್ನಡ ಸರ್ ಮಾತು ಮರತಾನ ಅಂತ ಯಾರ ಬಾಯಾಗೂ ಬರಬಾರದು ಅಂದೆ.”

“ನಿಮ್ಮ ಗುರತಾದ್ರೂ ಹಿಡೀತಾರೋ ಇಲ್ಲೋ?”

“ಎಲ್ಲೀದು! ನಾ ಯಾರೋ ಔಷಧ ಮಾರಾವ ಅಂತ ತಿಳಕೊಂಡಾನ,” ಎಂದು ಕಾಕಾ ನಕ್ಕರು. ಆ ನಗು ನನಗೆ ಸರಿಯೆನಿಸಲಿಲ್ಲ.

ಮುಂದಿನ ಗುರುವಾರ ಕಾಕು ತಾನಾಗಿಯೇ ಹೊರಟಳು. ಕೈಯಲ್ಲಿ ಗೋದಿ, ಬೆಲ್ಲದ ಮಾದಲಿ ತುಂಬಿದ ಡಬ್ಬಿ.

“ಇದು ಯಾವ ವಚನಕ್ಕ?” ಎಂದರು ಕಾಕಾ.

“ವಚನ ಗಿಚನ ಏನಿಲ್ಲ. ಮನಶಾ ತಿನ್ನಲಿ.”

ಸರ್ ಮುಂದೆ ತಟ್ಟೆ ಇಟ್ಟು ಮೇಲೆ ಬಿಸಿ ತುಪ್ಪ ಹಾಕಿದಳು. ಏಲಕ್ಕಿ, ಬೆಲ್ಲದ ಘಮ ಎದ್ದಿತು. ಸರ್ ಒಂದು ತುತ್ತು ಬಾಯಿಗಿಟ್ಟು, ಅಗಿಯುತ್ತ, ತಲೆಯೆತ್ತಿ ಕಾಕಾನನ್ನು ಬಹಳ ಹೊತ್ತು ನೋಡಿದರು.

“ಲೇ ಅಯ್ಯಾ! ನಿನ್ನ ಲಗ್ನದಾಗ ಇದನ್ನ ನಾ ಮೂರು ಸಲ ಹಾಕಿಸ್ಕೊಂಡಿದ್ನಲ್ಲೋ!”

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದರು. ಕಾಕು ನಾಲ್ಕನೆಯ ಸಲ ಬಡಿಸಿದಳು.