ಗುಂಡನಿಗೆ ಡಾಕ್ಟರು ಹುಡುಕಿದ್ದು

ನಾಯಿ ಸಾಕಿದವರಿಗೆ ಕಾಲಿಟ್ಟಲ್ಲೆಲ್ಲ ಡಾಕ್ಟರು ಸಿಗುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಯಾವ ಕೆಲಸವೂ ನೆಟ್ಟಗೆ ಆದ ದಾಖಲೆಯಿಲ್ಲ. ಆಸ್ಟಿನ್‌ನಲ್ಲಿ ನನ್ನ ಜೊತೆ ಆಫೀಸಿನಲ್ಲಿದ್ದ ಗೆಳೆಯ ಕ್ಯಾಲಿಫೋರ್ನಿಯಾಕ್ಕೆ ಶಿಫ್ಟ್ ಆದ. ಅವನು ಸಾಕಿದ್ದ ಫೆರೆಟ್ ಎಂಬ ಪ್ರಾಣಿಯನ್ನು ಅಲ್ಲಿ ಇಟ್ಟುಕೊಳ್ಳುವುದಕ್ಕೆ ಕಾನೂನು ಬಿಡುವುದಿಲ್ಲವಂತೆ. ಹೀಗಾಗಿ ಮುಂಗುಸಿಯ ತಮ್ಮನಂತಿದ್ದ ಆ ಪ್ರಾಣಿ, ಒಂದು ಚೀಲ ತಿಂಡಿಯ ಸಮೇತ ನಮ್ಮ ಮನೆಗೆ ಬಂತು. ಮಗಳು ಗುಂಡ ಅಂತ ಹೆಸರಿಟ್ಟಳು. ಚೀಲದ ಮೇಲೆ ಕೋಳಿಯ ಚಿತ್ರ ಕಂಡ ನನ್ನ ಹೆಂಡತಿ ಅದನ್ನು ಹಾಗೇ ಕಸಕ್ಕೆ ಹಾಕಿದಳು. ನಮ್ಮದು ಮೊಟ್ಟೆಯೂ ಒಳಗೆ ಬರದ ಮನೆ. ಗುಂಡನಿಗೆ ಮೊಸರನ್ನ ಶುರುವಾಯಿತು. ತಿಂಗಳೊಳಗೆ ಅವನು ಓಡುವುದನ್ನು ಬಿಟ್ಟು ಹಿಂಗಾಲು ಎಳೆಯತೊಡಗಿದ.

೧. ಎಮ್ಮೆ ಡಾಕ್ಟರು

ಪಕ್ಕದ ಮನೆಯಾಕೆಯ ಮಾವ ಊರಿಂದ ಬಂದಿದ್ದರು. ಮಂಡ್ಯದ ಕಡೆ ದನದ ಆಸ್ಪತ್ರೆಯಲ್ಲಿದ್ದು ನಿವೃತ್ತರಾದ ಡಾಕ್ಟರು. ಗುಂಡನ ಬಾಯಿ ಬಿಡಿಸಿ ನೋಡಿದರು.

"ಕೋರೆಹಲ್ಲು ನೋಡಪ್ಪ. ಇದು ಮಾಂಸ ತಿನ್ನೋ ಜಾತಿ. ಅನ್ನ ನಿಲ್ಸಿ, ಕೋಳಿ ಹಾಕಿ."

"ಅಂಕಲ್, ನೀವು ಮೊದಲು ಫೆರೆಟ್ ನೋಡಿದೀರಾ?"

"ಇಲ್ಲಪ್ಪ. ಮೂವತ್ತು ವರ್ಷ ಎಮ್ಮೆ, ಹಸು ನೋಡಿದೀನಿ."

ಅವರು ಹೋದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಸದ್ಯ, ಹಿಂಡಿ ಬೂಸಾ ಹಾಕಿ ಅನ್ಲಿಲ್ವಲ್ಲ!" ಎಂದಳು ಹೆಂಡತಿ.

೨. ಸ್ಪೆಷಲ್ ಡಯಟ್

ಆಸ್ಟಿನ್‌ನ ಕ್ಲಿನಿಕ್ಕಿನವರು ನಾಯಿ, ಬೆಕ್ಕು ಬಿಟ್ಟು ಬೇರೇನೂ ನೋಡುವುದಿಲ್ಲ ಎಂದರು. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿರುವ ನನ್ನ ಅಕ್ಕ ಗಿಳಿಯ ಡಾಕ್ಟರೊಬ್ಬರನ್ನು ಹುಡುಕಿಕೊಟ್ಟಳು. ಮೂರು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಕಾಯುವ ಕೋಣೆಯಲ್ಲಿ ಈ ಕಡೆ ಒಬ್ಬರ ಹಾವು, ಆ ಕಡೆ ಒಬ್ಬರ ಆಮೆ, ನಡುವೆ ನಾನು. ಏನು ತಿನ್ನುತ್ತಾನೆ ಎಂದು ಡಾಕ್ಟರು ಕೇಳಿದಾಗ ಮೊಸರನ್ನ ಅನ್ನಲು ನಾಚಿಕೆಯಾಗಿ "ಸ್ಪೆಷಲ್ ಡಯಟ್" ಎಂದೆ. ಅವರು ಮೆಚ್ಚಿ ತಲೆಯಾಡಿಸಿ ಚೀಟಿಯಲ್ಲಿ ಬರೆದುಕೊಟ್ಟರು: ಅದನ್ನೇ ಮುಂದುವರಿಸಿ.

೩. ಸರಿಯಾದ ಡಾಕ್ಟರು

ಕೊನೆಗೆ ಡಲ್ಲಾಸ್ ಕಡೆ, ಪ್ರಾಸ್ಪರ್ ಹತ್ತಿರ, ಫೆರೆಟ್‌ಗಳನ್ನೇ ನೋಡುವ ಡಾಕ್ಟರಮ್ಮ ಒಬ್ಬರು ಸಿಕ್ಕರು. ಅಷ್ಟರಲ್ಲಿ ಗುಂಡನಿಗೆ ಟವೆಲ್ಲಿನಿಂದ ತಲೆ ಎತ್ತುವ ಶಕ್ತಿಯೂ ಇರಲಿಲ್ಲ. ಇಲ್ಲಿಯೂ ಅದೇ ಪ್ರಶ್ನೆ. ನಾನು "ಸ್ಪೆಷಲ್" ಅನ್ನುವಷ್ಟರಲ್ಲಿ ಎಂಟು ವರ್ಷದ ಮಗಳು ಬಾಯಿ ಹಾಕಿದಳು. "ಡ್ಯಾಡ್, ಡೋಂಟ್ ಲೈ. ಹಿ ಈಟ್ಸ್ ಕರ್ಡ್ ರೈಸ್."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಮಾಂಸ ಬಿಟ್ಟು ಬೇರೇನೂ ಅರಗದ ಪ್ರಾಣಿಯಿದು, ನಿಮಗೆ ಯಾರೂ ಹೇಳಲಿಲ್ಲವೇ ಎಂದು ಕೇಳಿದರು.

"ಬಫೆಲೋ ಅಂಕಲ್ ಟೋಲ್ಡ್ ದೆಮ್," ಎಂದಳು ಮಗಳು. "ದೇ ಲಾಫ್ಡ್."

೪. ಒಂದು ಫೋನು

ಎರಡೇ ದಿನಕ್ಕೆ ಗುಂಡ ಹೋದ. ಮಗಳು ವಾರವಿಡೀ ನಮ್ಮ ಜೊತೆ ಮಾತು ಬಿಟ್ಟಳು. ಅವಳದೇನೂ ತಪ್ಪಿಲ್ಲ. ಮೂರು ಊರು ಸುತ್ತಿಸಿ, ಸುಳ್ಳು ಹೇಳಿ, ಕೈಯಾರೆ ಆ ಮೂಕಪ್ರಾಣಿಯನ್ನು ಕೊಂದವರು ನಾವು. ಎಮ್ಮೆ ಡಾಕ್ಟರು ಅಷ್ಟು ಹೊತ್ತಿಗೆ ಊರಿಗೆ ಮರಳಿದ್ದರು. ಫೋನ್ ಮಾಡಿ, ನಿಮ್ಮ ಮಾತು ಕೇಳಬೇಕಿತ್ತು ಅಂಕಲ್, ತಪ್ಪಾಯಿತು ಎಂದೆ.

"ಪಾಪ, ಎಮ್ಮೆಯಾಗಿ ಹುಟ್ಟಿದ್ರೆ ಉಳ್ಕೊಂಡಿರೋದು ಕಣಪ್ಪ."

"ಯಾಕೆ ಅಂಕಲ್?"

"ಎಮ್ಮೆ ಸಾಕೋರು ಡಾಕ್ಟರ ಮಾತು ಕೇಳ್ತಾರೆ."